ಫಾರ್ಮ್ಯಾಟ್ ಒಂದೇ ಮದ್ದೆ?

ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡವನ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ, ಕೇಳಿ ನಕ್ಕಿದ್ದೇವೆ. ಆದರೆ ಮನೆಯ ಗಣಕಯಂತ್ರದ ವಿಷಯಕ್ಕೆ ಬಂದಾಗ ನಮ್ಮಲ್ಲಿ ಬಹುಮಂದಿ ಆ ಗಾದೆಯ ಮನುಷ್ಯನಂತೆಯೇ ನಡೆದುಕೊಳ್ಳುತ್ತೇವೆ. ಯಂತ್ರ ಏಳಲಿಲ್ಲ, ಪರದೆ ಕಪ್ಪಾಯಿತು, ಅಕ್ಷರಗಳು ಊದಿಕೊಂಡವು, ಚಿತ್ರ ನಡುಗಿತು; ಕಾಯಿಲೆ ಯಾವುದಾದರೂ ಆಗಲಿ, ಊರಿನವರೆಲ್ಲ ಹೇಳುವ ಮದ್ದು ಮಾತ್ರ ಒಂದೇ: “ಫಾರ್ಮ್ಯಾಟ್ ಹೊಡೆಸಿಬಿಡಿ, ಸರಿಹೋಗುತ್ತದೆ.”

ಫಾರ್ಮ್ಯಾಟ್ ಎಂದರೆ ಡಿಸ್ಕಿನ ಮೇಲೆ ಬರೆದಿಟ್ಟುದನ್ನೆಲ್ಲ ಸ್ಲೇಟಿನಂತೆ ಒರಸಿ, ಮೊದಲಿನಿಂದ ಬರೆಯುವುದು. ಅದು ಚಿಕಿತ್ಸೆಯೇ ಅಲ್ಲವೆಂದು ನಾನು ಹೇಳುವುದಿಲ್ಲ. ಕೆಲವು ವೇಳೆ ಅದೂ ಬೇಕಾಗುತ್ತದೆ. ಆದರೆ ಅದು ಕಟ್ಟಕಡೆಯ ಮದ್ದಾಗಬೇಕೇ ಹೊರತು ಮೊದಲನೆಯದಾಗಬಾರದು. ಆ ಕಟ್ಟಕಡೆಗೆ ಬಂದಿದ್ದೇವೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವಷ್ಟು ತಿಳಿವಳಿಕೆ, ಯಂತ್ರವನ್ನು ಮನೆಯಲ್ಲಿಟ್ಟುಕೊಂಡ ಪ್ರತಿಯೊಬ್ಬ ವಿದ್ಯಾರ್ಥಿಗೂ ಇರಬೇಕು; ಕಲಾವಿಭಾಗದವರಾದ ನಮಗಂತೂ ಇನ್ನೂ ಹೆಚ್ಚಾಗಿ ಇರಬೇಕು. ಇದು ಈ ಲೇಖನದಲ್ಲಿ ನಾನು ಮಂಡಿಸಬೇಕೆಂದಿರುವ ಅಭಿಪ್ರಾಯ.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ದೊಡ್ಡದೇ. ನನ್ನ ಸಹಪಾಠಿಯೊಬ್ಬನು ಜಾನಪದದ ಕಿರುಪ್ರಬಂಧಕ್ಕಾಗಿ ತನ್ನ ಅಜ್ಜಿಯ ಬಾಯಿಂದ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಧ್ವನಿಮುದ್ರಿಸಿ, ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದನು. ಒಂದು ಬೆಳಿಗ್ಗೆ ಯಂತ್ರ ಏಳಲಿಲ್ಲ. ಬೂಟ್ ಆಗತಕ್ಕ ಡಿಸ್ಕ್ ಸಿಗಲಿಲ್ಲವೆಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಪರದೆಯ ಮೇಲೆ ಬಂದು ನಿಂತಿತು. ಮನೆಯವರು ಪೆಟ್ಟಿಗೆಯನ್ನು ಅಂಗಡಿಗೆ ಹೊತ್ತುಕೊಂಡು ಹೋದರು. ಸಂಜೆಗೆ ಯಂತ್ರ ಹೊಸದರಂತೆ ಹಿಂದಿರುಗಿತು, ಡಿಸ್ಕಿನಲ್ಲಿದ್ದುದೆಲ್ಲ ಹೋಗಿತ್ತು. ಪದಗಳ ಬರಹವೇನೋ ನೋಟುಪುಸ್ತಕದಲ್ಲಿ ಉಳಿದಿತ್ತು; ಧ್ವನಿ ಉಳಿಯಲಿಲ್ಲ. ಅಜ್ಜಿ ತೀರಿಕೊಂಡು ಅಷ್ಟು ಹೊತ್ತಿಗೆ ಆರು ತಿಂಗಳಾಗಿತ್ತು.

ಇದಕ್ಕಿಂತ ವ್ಯಸನದ ಸಂಗತಿ ಮುಂದಿನದು. ಮೂರು ವಾರ ಕಳೆದ ಮೇಲೆ ಅದೇ ಸಾಲು ಮತ್ತೆ ಬಂದಿತು. ಈ ಸಲ ಅಂಗಡಿಗೆ ಒಯ್ಯುವ ಮೊದಲು ನಾವಿಬ್ಬರೂ ಕುಳಿತು, ಯಂತ್ರ ಹೊತ್ತಿಕೊಳ್ಳುವಾಗಲೇ ಡಿಲೀಟ್ ಕೀಲಿಯನ್ನೊತ್ತಿ, ಅದರ ಸೆಟ್ಟಿಂಗುಗಳ ಪುಟವನ್ನು ತೆರೆದು ನೋಡಿದೆವು. ಅಲ್ಲಿದ್ದ ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿ ಒಂದನೆಯ ತಾರೀಖನ್ನು ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲೆ ಸಿ.ಆರ್. ೨೦೩೨ ಎಂಬ ಹೆಸರಿನ, ನಾಣ್ಯದ ಆಕಾರದ, ೩ ವೋಲ್ಟಿನ ಪುಟ್ಟ ಸೆಲ್ ಒಂದಿರುತ್ತದೆ. ಗೋಡೆಯ ಸ್ವಿಚ್ಚನ್ನು ಆರಿಸಿದಾಗಲೂ ಗಡಿಯಾರ ನಡೆಯುವಂತೆ, ಮತ್ತು ಹಳೆಯ ಯಂತ್ರಗಳಲ್ಲಿ ಈ ಸೆಟ್ಟಿಂಗುಗಳು ಮರೆತುಹೋಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಆ ಸೆಲ್ ಸತ್ತುಹೋಗಿತ್ತು. ಕರೆಂಟು ಹೋದಾಗಲೆಲ್ಲ ಯಂತ್ರ ತನ್ನ ಸೆಟ್ಟಿಂಗುಗಳನ್ನು ಮರೆತು, ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ಮರಳುತ್ತಿತ್ತು. ಡಿಸ್ಕಿಗೆ ಏನೂ ಆಗಿರಲಿಲ್ಲ. ಅದರಲ್ಲಿದ್ದ ವಿಂಡೋಸನ್ನು ಎಬ್ಬಿಸುವ ಬಗೆ ಯಂತ್ರಕ್ಕೆ ಮರೆತಿತ್ತು, ಅಷ್ಟೆ. ಹೊಸ ಸೆಲ್ ಹಾಕಿ ಒಂದೇ ಒಂದು ಸೆಟ್ಟಿಂಗನ್ನು ತಿದ್ದಿದೊಡನೆ ಯಂತ್ರ ಎದ್ದು ಕುಳಿತಿತು. ಒಂದು ಹೊತ್ತಿನ ಊಟದ ಬೆಲೆಗೂ ಬಾರದ ಸೆಲ್ಲಿನ ದೆಸೆಯಿಂದ ಒಬ್ಬ ಅಜ್ಜಿಯ ಹಾಡು ಹೋಯಿತು.

ಹಾಗಾದರೆ ಈ ‘ಎಬ್ಬಿಸುವ ಬಗೆ’ ಎಂದರೇನು? ನಮ್ಮ ಕಾಲೇಜನ್ನೇ ನೋಡೋಣ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವರು ಜವಾನರು. ಅವರು ಬೀಗ ತೆಗೆದು, ದೀಪ ಹಾಕಿ, ಕೊಠಡಿಗಳೆಲ್ಲ ಸರಿಯಾಗಿವೆಯೇ ಎಂದು ಒಂದು ಸುತ್ತು ನೋಡಿ, ಬೀಗದ ಕೈಗಳನ್ನು ಗುಮಾಸ್ತರಿಗೆ ಒಪ್ಪಿಸುತ್ತಾರೆ. ಗುಮಾಸ್ತರು ಕಡತಗಳನ್ನು ತೆಗೆದಿಡುತ್ತಾರೆ. ಆಮೇಲೆ ಪ್ರಿನ್ಸಿಪಾಲರು ಬಂದು ಕಾಲೇಜನ್ನು ನಡೆಸುತ್ತಾರೆ. ಗಣಕಯಂತ್ರದಲ್ಲಿಯೂ ಇದೇ ಕ್ರಮ. ಮದರ್‌ಬೋರ್ಡಿನಲ್ಲಿ ಕುಳಿತ ಒಂದು ಸಣ್ಣ ತಂತ್ರಾಂಶ ಮೊದಲು ಎಚ್ಚರಗೊಂಡು ಮೆಮೊರಿ, ಗ್ರಾಫಿಕ್ಸ್, ಕೀಲಿಮಣೆ, ಡಿಸ್ಕುಗಳನ್ನು ಪರೀಕ್ಷಿಸುತ್ತದೆ. ಇದು ಜವಾನರ ಕೆಲಸ. ಬಳಿಕ ಡಿಸ್ಕಿನ ಆರಂಭದಲ್ಲಿರುವ ಬೂಟ್‌ಲೋಡರ್ ಎಂಬ ಗುಮಾಸ್ತನಿಗೆ ಅಧಿಕಾರ ಒಪ್ಪಿಸುತ್ತದೆ. ಆ ಗುಮಾಸ್ತ ವಿಂಡೋಸನ್ನೋ ಲಿನಕ್ಸನ್ನೋ ಕರೆತಂದು ಕುರ್ಚಿಯ ಮೇಲೆ ಕೂರಿಸುತ್ತಾನೆ. ಈ ಮೂರು ಹೆಜ್ಜೆಗಳಿಗೆ ಒಟ್ಟಾಗಿ ಬೂಟ್ ಆಗುವುದು ಎಂದು ಹೆಸರು.

ಈ ಜವಾನಿಕೆಯಲ್ಲಿ ಎರಡು ಸಂಪ್ರದಾಯಗಳಿವೆ. ೧೯೮೧ರಲ್ಲಿ ಐ.ಬಿ.ಎಂ. ಕಂಪನಿಯ ಪಿ.ಸಿ. ಹೊರಬಂದಾಗಿನಿಂದ ಬಳಕೆಯಲ್ಲಿದ್ದುದು ಬಯಾಸ್. ಅದು ನೆಚ್ಚಿಕೊಂಡಿದ್ದ ಎಂ.ಬಿ.ಆರ್. ಎಂಬ ಡಿಸ್ಕಿನ ವಿಭಾಗಕ್ರಮ ಸುಮಾರು ೨ ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ನಿಭಾಯಿಸಲಾರದು. ಇಂಥ ಕೊರತೆಗಳನ್ನು ತುಂಬಲು ಬಂದುದು ಯು.ಇ.ಎಫ್.ಐ.; ಅದನ್ನು ನೋಡಿಕೊಳ್ಳುವ ಕೂಟ ೨೦೦೫ರಲ್ಲಿ ಹುಟ್ಟಿತು. ಹೊಸದಕ್ಕೆ ಜೋಡಿಯಾದ ವಿಭಾಗಕ್ರಮದ ಹೆಸರು ಜಿ.ಪಿ.ಟಿ. ನಡುವಣ ಕಾಲದ ಅನೇಕ ಯಂತ್ರಗಳು ಎರಡು ಸಂಪ್ರದಾಯಗಳನ್ನೂ ಬಲ್ಲವು. ಹಳೆಯದಕ್ಕೆ ಸೆಟ್ಟಿಂಗುಗಳ ಪುಟದಲ್ಲಿ ‘ಲೆಗಸಿ’ ಅಥವಾ ‘ಸಿ.ಎಸ್.ಎಂ.’ ಎಂದು ಬರೆದಿರುತ್ತದೆ. ಹಳೆಯ ಕ್ರಮದಲ್ಲಿ ಹಾಕಿದ ವಿಂಡೋಸ್ ಹೊಸ ಕ್ರಮದಲ್ಲಿ ಏಳುವುದಿಲ್ಲ. ಹೊಸದರಲ್ಲಿ ಹಾಕಿದ್ದು ಹಳೆಯದರಲ್ಲಿ ಏಳುವುದಿಲ್ಲ. ನನ್ನ ಸಹಪಾಠಿಯ ಮನೆಯಲ್ಲಿ ಆಗಿದ್ದುದು ಇದೇ.

ಆದುದರಿಂದ ಕಾಯಿಲೆಯನ್ನು ತಿಳಿಯುವ ಮೊದಲ ಉಪಾಯವೆಂದರೆ, ಯಂತ್ರ ಎಲ್ಲಿಯವರೆಗೆ ಬಂದು ನಿಂತಿತು ಎಂದು ನೋಡುವುದು. ದೀಪವೂ ಇಲ್ಲ, ಫ್ಯಾನೂ ತಿರುಗದು ಎಂದರೆ ತೊಂದರೆ ವಿದ್ಯುತ್ತಿನದು. ಫ್ಯಾನು ತಿರುಗುತ್ತಿದೆ, ಪರದೆ ಮಾತ್ರ ಕಪ್ಪು ಎಂದರೆ ಜವಾನರು ಯಾವುದೋ ಕೊಠಡಿಯ ಮುಂದೆ ನಿಂತುಬಿಟ್ಟಿದ್ದಾರೆ. ಮೆಮೊರಿಯ ಪಟ್ಟಿ ಸಡಿಲವಾಗಿರಬಹುದು, ಗ್ರಾಫಿಕ್ಸ್ ಕಾರ್ಡು ಕುಳಿತಿಲ್ಲದಿರಬಹುದು. ಆಗ ಕೇಳಿಬರುವ ಬೀಪ್ ಶಬ್ದಗಳನ್ನು ಎಣಿಸಿದರೆ ಅರ್ಥ ಸಿಗುತ್ತದೆ. ಆ ಅರ್ಥ ಒಂದೊಂದು ತಯಾರಕರಲ್ಲಿ ಒಂದೊಂದು. ಆ ಬೋರ್ಡಿನದೇ ಕೈಪಿಡಿಯನ್ನು ನೋಡಬೇಕು. ಗೋಡೆಯ ಪ್ಲಗ್ಗನ್ನು ಕಿತ್ತಿಟ್ಟು, ಮೆಮೊರಿ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೃದುವಾಗಿ ಒರಸಿ ಮತ್ತೆ ಕೂರಿಸಿದರೆ ಎದ್ದ ಯಂತ್ರಗಳು ನಮ್ಮ ಊರಿನಲ್ಲಿ ಕಡಿಮೆಯೇನಿಲ್ಲ. ತಯಾರಕರ ಹೆಸರು ಮೂಡಿ, ಆಮೇಲೆ ಡಿಸ್ಕ್ ಇಲ್ಲವೆಂಬ ಸಾಲು ಬಂದರೆ ತೊಂದರೆ ಗುಮಾಸ್ತನದು ಅಥವಾ ಸೆಟ್ಟಿಂಗಿನದು. ಡಿಸ್ಕಿನ ತಂತಿಯನ್ನೂ ಬೂಟ್ ಕ್ರಮವನ್ನೂ ನೋಡಬೇಕು. ವಿಂಡೋಸಿನ ಗುರುತು ಕಾಣಿಸಿ ಆಮೇಲೆ ಕಪ್ಪಾದರೆ ಪ್ರಿನ್ಸಿಪಾಲರು ಬಂದಿದ್ದಾರೆ, ಅವರ ಕನ್ನಡಕ ಮಾತ್ರ ಕಳೆದಿದೆ. ಅಂದರೆ ಗ್ರಾಫಿಕ್ಸ್ ಡ್ರೈವರಿನ ಮೇಲೆ ಮೊದಲ ಸಂಶಯ ಪಡಬಹುದು.

ಗ್ರಾಫಿಕ್ಸಿನ ತೊಂದರೆಗಳಲ್ಲಿ ನಗು ಬರುವಷ್ಟು ಸರಳವಾದುವೂ ಉಂಟು. ಬೇರೆ ಗ್ರಾಫಿಕ್ಸ್ ಕಾರ್ಡಿರುವ ಪೆಟ್ಟಿಗೆಯ ಹಿಂಬದಿಯಲ್ಲಿ ಪರದೆಯ ತಂತಿಯನ್ನು ಸಿಕ್ಕಿಸಲು ಎರಡು ಕಡೆ ಜಾಗವಿರುತ್ತದೆ: ಒಂದು ಮದರ್‌ಬೋರ್ಡಿನದು, ಇನ್ನೊಂದು ಕಾರ್ಡಿನದು. ಗುಡಿಸುವಾಗ ಕಳಚಿದ ತಂತಿಯನ್ನು ಮದರ್‌ಬೋರ್ಡಿಗೆ ಸಿಕ್ಕಿಸಿ, ‘ಸಿಗ್ನಲ್ ಇಲ್ಲ’ ಎಂಬ ಬರಹವನ್ನು ನೋಡಿ ಗಾಬರಿಯಾಗುವವರಿದ್ದಾರೆ. ತುಸು ಕ್ಲಿಷ್ಟವಾದ ಇನ್ನೊಂದು ಉದಾಹರಣೆ. ಹಳೆಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಅನೇಕವು ಯು.ಇ.ಎಫ್.ಐ. ಭಾಷೆಯನ್ನು ಅರಿಯವು. ಅಂಥ ಕಾರ್ಡಿರುವ ಯಂತ್ರದಲ್ಲಿ ಸಿ.ಎಸ್.ಎಂ. ಅನ್ನು ಆರಿಸಿಬಿಟ್ಟರೆ ಮರುಗಳಿಗೆಯಿಂದ ಪರದೆ ಕಪ್ಪು. ತಿದ್ದೋಣವೆಂದರೆ ಸೆಟ್ಟಿಂಗುಗಳ ಪುಟವೇ ಕಾಣದು! ಆಗ ಪ್ಲಗ್ಗನ್ನು ಕಿತ್ತು, ಮೇಲೆ ಹೇಳಿದ ಸೆಲ್ಲನ್ನು ಕೆಲವು ನಿಮಿಷ ಹೊರಗಿಟ್ಟು ಮತ್ತೆ ಹಾಕಿದರೆ ಸೆಟ್ಟಿಂಗುಗಳು ಮೊದಲಿನ ಸ್ಥಿತಿಗೆ ಬರುತ್ತವೆ. ಅಥವಾ, ಪ್ರೊಸೆಸರಿನಲ್ಲಿಯೇ ಗ್ರಾಫಿಕ್ಸ್ ಇದ್ದರೆ, ಕಾರ್ಡನ್ನು ತೆಗೆದು ತಂತಿಯನ್ನು ಮದರ್‌ಬೋರ್ಡಿಗೆ ಕೊಟ್ಟು ನೋಡಬಹುದು.

ಡ್ರೈವರ್ ಕೆಟ್ಟಿದ್ದರೆ ವಿಂಡೋಸಿನಲ್ಲಿ ಸೇಫ್ ಮೋಡ್ ಎಂಬ ದಾರಿಯಿದೆ. ಏಳುವ ಹೊತ್ತಿನಲ್ಲಿ ಎರಡು ಮೂರು ಬಾರಿ ಯಂತ್ರ ತಡವರಿಸಿದರೆ ವಿಂಡೋಸ್ ತಾನಾಗಿಯೇ ದುರಸ್ತಿಯ ಪುಟವನ್ನು ತೆರೆಯುತ್ತದೆ. ಅಲ್ಲಿಂದ ಸ್ಟಾರ್ಟಪ್ ಸೆಟ್ಟಿಂಗುಗಳಿಗೆ ಹೋಗಿ ಸೇಫ್ ಮೋಡನ್ನು ಆರಿಸಬಹುದು. ಆಗ ಯಂತ್ರ ತನ್ನ ಸ್ವಂತದ ಸಾದಾ ಡ್ರೈವರಿನಿಂದ ಚಿತ್ರ ತೋರಿಸುತ್ತದೆ. ಕೆಟ್ಟ ಡ್ರೈವರನ್ನು ತೆಗೆದುಹಾಕಲು ಅಷ್ಟು ಬೆಳಕು ಸಾಕು. ಲಿನಕ್ಸಿನಲ್ಲಿ ಗ್ರಬ್ ಪಟ್ಟಿ ಕಾಣಿಸಿದಾಗ ‘ಇ’ ಅಕ್ಷರದ ಕೀಲಿಯನ್ನೊತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ ‘ನೋಮೋಡ್‌ಸೆಟ್’ ಎಂಬ ಒಂದು ಪದವನ್ನು ಇಂಗ್ಲಿಷಿನಲ್ಲಿ ಸೇರಿಸಿ ಮುಂದುವರಿದರೆ ಅದೇ ಫಲ. ಈ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ; ಮುಂದಿನ ಸಲ ಯಂತ್ರ ಹಿಂದಿನಂತೆಯೇ ಇರುತ್ತದೆ. ಇವುಗಳಲ್ಲಿ ಯಾವುದೂ ನಾವು ಬರೆದಿಟ್ಟ ಒಂದು ಅಕ್ಷರವನ್ನೂ ಅಳಿಸುವುದಿಲ್ಲ.

ಅಕ್ಷರದ ಮಾತು ಬಂದುದರಿಂದ ಅಧ್ಯಾಪಕ ಮಹನೀಯರಿಗೆ ಒಂದು ಅರಿಕೆ. ನುಡಿ ಮುಂತಾದ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿಗಳು ತಮ್ಮಲ್ಲಿ ಅನೇಕರ ಬಳಿ ಇರಬಹುದು. ವಿಂಡೋಸನ್ನು ಹೊಸದಾಗಿ ಹಾಕಿದಾಗ ಆ ಫಾಂಟುಗಳು ಹೋಗುತ್ತವೆ. ಬೇರೆ ಕಡೆ ನಕಲು ಮಾಡಿಟ್ಟ ಕಡತವನ್ನು ತೆರೆದರೂ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಇದು ವೈರಸ್ಸೂ ಅಲ್ಲ, ಗ್ರಾಫಿಕ್ಸಿನ ದೋಷವೂ ಅಲ್ಲ. ಅದೇ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಹಿಂದಿರುಗುತ್ತದೆ. ಯುನಿಕೋಡಿಗೆ ಪರಿವರ್ತಿಸಿಟ್ಟರೆ ಈ ಭಯವೇ ಇಲ್ಲ. ಹಾಳಾಯಿತೆಂದು ಯಾರೂ ಅಂಥ ಕಡತವನ್ನು ಎಸೆಯಬಾರದು.

ಇನ್ನು ವಿಧಾನದ ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಮಾಡುವ ಮೊದಲು ಇದ್ದ ಸ್ಥಿತಿಯನ್ನು ಬರೆದುಕೊಳ್ಳಬೇಕು, ಅಥವಾ ಮೊಬೈಲಿನಲ್ಲಿ ಆ ಪುಟದ ಚಿತ್ರ ತೆಗೆದಿಡಬೇಕು. ನಾಲ್ಕು ಸೆಟ್ಟಿಂಗುಗಳನ್ನು ಒಟ್ಟಿಗೆ ಬದಲಿಸಿ ಯಂತ್ರ ಎದ್ದರೆ ಯಾವುದರಿಂದ ಎದ್ದಿತೆಂದು ತಿಳಿಯದು. ಏಳದಿದ್ದರೆ ಹಿಂದಿರುಗುವ ದಾರಿಯೂ ತಿಳಿಯದು. ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿರುತ್ತದೆ. ಯಜಮಾನನಿಗೇ ಅದು ಗೊತ್ತಿಲ್ಲದಿರಬಹುದು. ಅಂಥಲ್ಲಿ ಸೆಕ್ಯೂರ್ ಬೂಟನ್ನೋ ಟಿ.ಪಿ.ಎಂ. ಅನ್ನೋ ಮುಟ್ಟಿದರೆ, ಬಂದವನು ಕಳ್ಳನೋ ಮನೆಯವನೋ ಎಂಬ ಸಂಶಯದಿಂದ ಯಂತ್ರ ೪೮ ಅಂಕಿಗಳ ಒಂದು ಸಂಖ್ಯೆಯನ್ನು ಕೇಳುತ್ತದೆ. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಸೆಟ್ಟಿಂಗುಗಳಿಗೆ ಕೈ ಹಾಕುವ ಮೊದಲೇ ಅದನ್ನು ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು.

ಒಂದುವೇಳೆ ಫಾರ್ಮ್ಯಾಟ್ ಅನಿವಾರ್ಯವೇ ಆಯಿತೆನ್ನೋಣ. ಆಗಲೂ ಕಡತಗಳನ್ನು ಕಳೆದುಕೊಳ್ಳಬೇಕಾಗಿಲ್ಲ. ಬೇರೊಂದು ಯಂತ್ರದಲ್ಲಿ ಪೆನ್‌ಡ್ರೈವಿಗೆ ಲಿನಕ್ಸನ್ನು ಹಾಕಿ ಅದರಿಂದಲೇ ಕೆಟ್ಟ ಯಂತ್ರವನ್ನು ಎಬ್ಬಿಸಬಹುದು. ಡಿಸ್ಕನ್ನು ಮುಟ್ಟದೆ, ಒಳಗಿರುವ ಕಡತಗಳನ್ನು ಇನ್ನೊಂದು ಡ್ರೈವಿಗೆ ನಕಲು ಮಾಡಿಕೊಳ್ಳಬಹುದು. ಬಿಟ್‌ಲಾಕರ್ ಇದ್ದರೆ ಇಲ್ಲಿಯೂ ಆ ಸಂಖ್ಯೆ ಬೇಕು. ಅಂಗಡಿಗೆ ಕೊಟ್ಟರೂ, “ಮೊದಲು ಕಡತಗಳನ್ನು ತೆಗೆದಿಡಿ” ಎಂದು ಹೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು ನಮ್ಮ ಹಕ್ಕು.

ಇದೆಲ್ಲ ಮನೆಯ ಸಣ್ಣ ಯಂತ್ರದ ಮಾತಾಯಿತು, ದೊಡ್ಡ ಸಂಸ್ಥೆಗಳಲ್ಲಿ ಬೇರೆ ಮಾಂತ್ರಿಕ ಉಪಾಯಗಳಿರಬಹುದು ಎಂದು ಭಾವಿಸುವವರು ೨೦೨೪ರ ಜುಲೈ ೧೯ನ್ನು ನೆನೆಯಬೇಕು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪನಿ ಕಳುಹಿಸಿದ ದೋಷಯುಕ್ತ ಕಡತವೊಂದರಿಂದ ಜಗತ್ತಿನಲ್ಲಿ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ವಿಮಾನಗಳು ನಿಂತವು, ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಒಂದೂವರೆ ಗಂಟೆಯೊಳಗೆ ಕಂಪನಿ ತಪ್ಪನ್ನು ತಿದ್ದಿತು. ಆದರೆ ಬಿದ್ದ ಯಂತ್ರ ಏಳದೆ ತಿದ್ದುಪಡಿಯನ್ನು ತೆಗೆದುಕೊಳ್ಳುವುದು ಹೇಗೆ? ಬಹಳಷ್ಟು ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಕುಳಿತು, ಸೇಫ್ ಮೋಡಿಗೆ ಹೋಗಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ ಇದ್ದಲ್ಲಿ ಆ ೪೮ ಅಂಕಿಗಳನ್ನೂ ಹುಡುಕಬೇಕಾಯಿತು. ಅಷ್ಟು ದೊಡ್ಡ ಆಪತ್ತಿಗೂ ಮದ್ದು ಫಾರ್ಮ್ಯಾಟ್ ಆಗಿರಲಿಲ್ಲ. ಕಾಯಿಲೆ ಎಲ್ಲಿದೆಯೆಂದು ತಿಳಿದು, ಅಷ್ಟನ್ನೇ ತೆಗೆದುದೇ ಮದ್ದಾಯಿತು.

ಈ ತಿಳಿವಳಿಕೆ ಈಗ ಇನ್ನೊಂದು ಕಾರಣಕ್ಕೂ ಬೇಕಾಗಿದೆ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ಕ್ಕೆ ಯು.ಇ.ಎಫ್.ಐ., ಸೆಕ್ಯೂರ್ ಬೂಟ್ ಸಾಮರ್ಥ್ಯ, ಟಿ.ಪಿ.ಎಂ. ೨.೦ ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ‘ನಿಮ್ಮ ಯಂತ್ರ ಆಗದು’ ಎಂಬ ಒಂದು ಸಾಲನ್ನು ನೋಡಿ, ಸಾಲ ಮಾಡಿ ಹೊಸದನ್ನು ಕೊಳ್ಳುವ ಮನೆಗಳಿವೆ. ಆದರೆ ಕೆಲವು ಯಂತ್ರಗಳಲ್ಲಿ ಟಿ.ಪಿ.ಎಂ. ಇದ್ದೂ ಸೆಟ್ಟಿಂಗುಗಳ ಪುಟದಲ್ಲಿ ಆರಿಸಿಟ್ಟಿರುತ್ತದೆ; ಇಂಟೆಲ್ ಯಂತ್ರದಲ್ಲಿ ಪಿ.ಟಿ.ಟಿ., ಎ.ಎಂ.ಡಿ. ಯಂತ್ರದಲ್ಲಿ ಎಫ್.ಟಿ.ಪಿ.ಎಂ. ಎಂಬ ಹೆಸರಿನಲ್ಲಿ ಅದನ್ನು ಹುಡುಕಬೇಕು. ಹಳೆಯ ಎಂ.ಬಿ.ಆರ್. ಡಿಸ್ಕನ್ನು ಅಳಿಸದೆಯೇ ಜಿ.ಪಿ.ಟಿ.ಗೆ ತಿರುಗಿಸುವ ಉಪಕರಣವನ್ನು ಮೈಕ್ರೋಸಾಫ್ಟೇ ವಿಂಡೋಸ್ ೧೦ರೊಳಗೆ ಇಟ್ಟಿದೆ. ಕಡತಗಳ ನಕಲು ತೆಗೆದಿಟ್ಟು ಅದನ್ನು ಬಳಸಬಹುದು. ನಿಜವಾಗಿಯೂ ಆಗದ ಯಂತ್ರವಾದರೆ ಲಿನಕ್ಸ್ ಇದೆ. ಪ್ರಬಂಧ ಬರೆಯುವುದಕ್ಕೆ, ಪುಸ್ತಕ ಓದುವುದಕ್ಕೆ, ಕನ್ನಡ ಬೆರಳಚ್ಚಿಗೆ ಅದು ಧಾರಾಳವಾಗಿ ಸಾಕು. ತಂದೆ ತಾಯಿಗಳ ದುಡಿಮೆಯ ಹಣದ ಮುಂದೆ ಇದನ್ನು ತಿಳಿದುಕೊಳ್ಳುವ ಶ್ರಮ ದೊಡ್ಡದಲ್ಲ.

“ಕಲಾ ವಿದ್ಯಾರ್ಥಿಗೆ ಇದೇಕೆ? ಇದು ವಿಜ್ಞಾನದವರ ಕೆಲಸ” ಎಂಬ ಆಕ್ಷೇಪವನ್ನು ನಾನು ಬಲ್ಲೆ. ಆದರೆ ಮೇಲೆ ಹೇಳಿದುದರಲ್ಲಿ ಗಣಿತವೆಷ್ಟಿದೆ? ಬರೆದುದನ್ನು ನಿಧಾನವಾಗಿ ಓದುವುದು, ಘಟನೆಗಳನ್ನು ಕಾಲಕ್ರಮದಲ್ಲಿ ಇಡುವುದು, ಒಂದು ಕಾರಣವನ್ನು ಇನ್ನೊಂದರಿಂದ ಬೇರ್ಪಡಿಸುವುದು. ಇವು ಇತಿಹಾಸದ ಮತ್ತು ತರ್ಕಶಾಸ್ತ್ರದ ತರಗತಿಗಳಲ್ಲಿ ನಾವು ಕಲಿಯುವ ಪಾಠಗಳೇ. ಶಾಸನದ ಸವೆದ ಸಾಲನ್ನು ತಾಳ್ಮೆಯಿಂದ ಓದಬಲ್ಲವನು ಪರದೆಯ ಮೇಲಿನ ಒಂದು ಸಾಲನ್ನು ಓದಲಾರನೆ? ಸಾಲನ್ನು ಓದದೆ ‘ಎಂಟರ್’ ಒತ್ತುವುದು ನಮಗೆ ಅಂಟಿದ ಚಾಳಿ. ಅದು ಬುದ್ಧಿಯ ಕೊರತೆಯಲ್ಲ.

ಅಂಗಡಿಯವರನ್ನು ದೂರುವುದೂ ನನ್ನ ಉದ್ದೇಶವಲ್ಲ. ಹತ್ತು ಯಂತ್ರ ಎದುರಿಗಿಟ್ಟುಕೊಂಡು ಸಂಜೆಯೊಳಗೆ ಎಲ್ಲವನ್ನೂ ಹಿಂದಿರುಗಿಸಬೇಕಾದವನಿಗೆ ಫಾರ್ಮ್ಯಾಟ್ ಸುಲಭದ ದಾರಿ. ಏನು ಉಳಿಸಬೇಕೆಂದು ಹೇಳಬೇಕಾದವರು ನಾವು. ಎಲ್ಲವನ್ನೂ ನಾವೇ ಮಾಡಬೇಕೆಂಬ ಹಟವೂ ಸಲ್ಲದು. ಪವರ್ ಸಪ್ಲೈಯ ಡಬ್ಬಿಯನ್ನು ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಡಿಸ್ಕ್ ಟಕಟಕ ಶಬ್ದ ಮಾಡುತ್ತಿದ್ದರೆ ಯಂತ್ರವನ್ನು ಆರಿಸಿ ಬಲ್ಲವರಿಗೆ ಒಪ್ಪಿಸಬೇಕು. ಕರೆಂಟು ಬಂದು ಹೋಗುತ್ತಿರುವ ಹೊತ್ತಿನಲ್ಲಿ ಬಯಾಸ್ ತಂತ್ರಾಂಶವನ್ನು ನವೀಕರಿಸಲು ಹೋಗಲೇಬಾರದು.

ನಮ್ಮ ಕಾಲೇಜಿಗೂ ಒಂದು ಸಲಹೆ. ಗಣಕ ಕೊಠಡಿಯ ಪ್ರತಿ ಯಂತ್ರದ ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ. ಯಂತ್ರ ಕೆಟ್ಟ ದಿನ, ಪರದೆಯ ಮೇಲೆ ಬಂದ ಸಾಲು, ಮಾಡಿದ ಬದಲಾವಣೆ, ಸಿಕ್ಕ ಫಲ, ಈ ನಾಲ್ಕನ್ನು ಅದರಲ್ಲಿ ಬರೆಯುವ ಪದ್ಧತಿ ಬರಲಿ. ಒಂದು ವರ್ಷದಲ್ಲಿ ಅದು ಯಾವ ಕೈಪಿಡಿಗಿಂತಲೂ ಉಪಯುಕ್ತವಾದ ಗ್ರಂಥವಾದೀತು, ಕನ್ನಡದಲ್ಲಿಯೂ ಇದ್ದೀತು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಯಂತ್ರವಿರುವ ಮಿತ್ರರು ಈ ವಾರವೇ ಮೂರು ಕೆಲಸ ಮಾಡಲಿ: ಮುಖ್ಯವಾದ ಕಡತಗಳನ್ನು ಬೇರೊಂದು ಡ್ರೈವಿಗೆ ನಕಲು ಮಾಡಿಕೊಳ್ಳಲಿ, ಸೆಟ್ಟಿಂಗುಗಳ ಪುಟಗಳ ಚಿತ್ರ ತೆಗೆದಿಡಲಿ, ಬಿಟ್‌ಲಾಕರಿನ ಸಂಖ್ಯೆಯಿದ್ದರೆ ಕಾಗದದ ಮೇಲೆ ಬರೆದಿಡಲಿ. ಎಲ್ಲ ಸೇರಿ ಒಂದು ಸಂಜೆಯ ಕೆಲಸ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣವೆಂದು ಮುಂದಕ್ಕೆ ಹಾಕಬೇಡಿ. ಪರೀಕ್ಷೆಯ ವೇಳಾಪಟ್ಟಿ ಯಂತ್ರಕ್ಕೆ ತಿಳಿಯದು.